‘ಕೊಟ್ಟಿದ್ದೇವೆ’ ಮತ್ತು ‘ಬಂತು’: ಕರ್ನಾಟಕದ ಚುನಾವಣಾ ಭಾಷೆಯಲ್ಲಿ ಸಂಪ್ರದಾನದ ರಾಜಕಾರಣ

ರಾಜಕೀಯ ಭಾಷಣದ ವಿಶ್ಲೇಷಣೆ ಎಂದೊಡನೆ ನಮ್ಮ ಅಧ್ಯಯನ ವಿಭಾಗಗಳಲ್ಲಿ ಸಂಶೋಧಕರ ಗಮನ ಮೊದಲು ಸರ್ವನಾಮಗಳ ಕಡೆಗೂ ಅನಂತರ ರೂಪಕಗಳ ಕಡೆಗೂ ಹರಿಯುವುದು ರೂಢಿಯಾಗಿದೆ. ನಾಯಕರು ‘ನಾವು’ ಎಂದು ಎಷ್ಟು ಸಲ ಹೇಳಿದರು, ಆ ‘ನಾವು’ ಕೇಳುಗರನ್ನು ಒಳಗೊಂಡಿತೋ ಹೊರಗಿಟ್ಟಿತೋ ಎಂಬ ಎಣಿಕೆಯಿಂದ ಅಧಿಕಾರದ ಸ್ವರೂಪ ತಿಳಿಯುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ಈ ವಿಧಾನದ ಮೂಲಗಳು ಗೌರವಾರ್ಹವೇ. ನಾರ್ಮನ್ ಫೇರ್‌ಕ್ಲಫ್ ಅವರು 1989ರ ‘ಲ್ಯಾಂಗ್ವೇಜ್ ಅಂಡ್ ಪವರ್’ ಕೃತಿಯಲ್ಲಿ ಮಾರ್ಗರೆಟ್ ಥ್ಯಾಚರ್ ಅವರ ಬಾನುಲಿ ಸಂದರ್ಶನವೊಂದನ್ನು ಬಿಡಿಸಿ ನೋಡಿದಾಗ ಈ ಪ್ರಶ್ನೆಯಿಂದ ನಿಜವಾದ ಫಲ ದೊರೆತಿತ್ತು. ಮ್ಯಾಕ್ಸ್ ಅಟ್‌ಕಿನ್ಸನ್ ಅವರ 1984ರ ಕೃತಿಯು ಚಪ್ಪಾಳೆ ಗಿಟ್ಟಿಸುವ ಮೂರು ತುಂಡಿನ ಪಟ್ಟಿಗಳನ್ನೂ ವಿರೋಧಾತ್ಮಕ ಜೋಡಿಗಳನ್ನೂ ಗುರುತಿಸಿದ್ದು ಹೀಗೆಯೇ ಉಪಯುಕ್ತವಾಗಿತ್ತು. ನಮ್ಮ ತಕರಾರು ಆ ಕೃತಿಗಳ ಬಗ್ಗೆ ಅಲ್ಲ. ಅವುಗಳ ಪ್ರಶ್ನೆಗಳನ್ನು ಕನ್ನಡದ ವ್ಯಾಕರಣದ ಎದುರಿಗೆ ಒಮ್ಮೆಯೂ ನಿಲ್ಲಿಸದೆ ಹಾಗೆಯೇ ತಂದು ಬಳಸುವ ಅಭ್ಯಾಸದ ಬಗ್ಗೆ.

ಕನ್ನಡದ ಕ್ರಿಯಾಪದವು ಪುರುಷವನ್ನೂ ವಚನವನ್ನೂ ತನ್ನಲ್ಲೇ ಹೊತ್ತಿರುತ್ತದೆ. ‘ಕೊಟ್ಟಿದ್ದೇವೆ’ ಎಂಬ ಒಂದೇ ಪದದಲ್ಲಿ ಉತ್ತಮಪುರುಷ ಬಹುವಚನವಿದೆ, ಅದಕ್ಕೆ ‘ನಾವು’ ಬೇಕಿಲ್ಲ. ಹಾಗಾಗಿ ‘ನಾವು’ ಪದದ ಆವೃತ್ತಿಯನ್ನಷ್ಟೇ ಎಣಿಸುವ ಪ್ರಬಂಧವು ನಾಯಕರ ‘ನಾವು’ಗಳಲ್ಲಿ ದೊಡ್ಡ ಪಾಲನ್ನು ಎಣಿಸದೆಯೇ ಮುಗಿಯುತ್ತದೆ. ಎರಡನೆಯ ತೊಡಕು ಇನ್ನೂ ಆಳದ್ದು. ತಮಿಳಿನ ‘ನಾಂ’ ಮತ್ತು ‘ನಾಂಗಳ್’, ತೆಲುಗಿನ ‘ಮನಮು’ ಮತ್ತು ‘ಮೇಮು’, ನಮ್ಮದೇ ಕರಾವಳಿಯ ತುಳುವಿನ ‘ನಮ’ ಮತ್ತು ‘ಎಂಕುಲು’ ಇವು ಕೇಳುಗರನ್ನು ಒಳಗೊಳ್ಳುವ ಮತ್ತು ಹೊರಗಿಡುವ ಬಹುವಚನಗಳನ್ನು ಬೇರೆ ಬೇರೆಯಾಗಿಯೇ ಉಳಿಸಿಕೊಂಡಿವೆ. ಇಂದಿನ ಕನ್ನಡದಲ್ಲಿ ಆ ಭೇದವಿಲ್ಲ. ಪುತ್ತೂರಿನಲ್ಲಿ ತುಳುವಿನಲ್ಲಿ ಮಾತನಾಡುವ ಅಭ್ಯರ್ಥಿ ಪ್ರತಿ ವಾಕ್ಯದಲ್ಲೂ ಆಯ್ಕೆ ಮಾಡಲೇಬೇಕು. ಮಂಡ್ಯದ ಅಭ್ಯರ್ಥಿಗೆ ಆಯ್ಕೆಯೇ ಇಲ್ಲ. ಆಯ್ಕೆಗೆ ಅವಕಾಶವಿಲ್ಲದ ಕಡೆ ಜಾಣ್ಮೆಯನ್ನು ಹುಡುಕಿದರೆ ಭಾಷೆಯ ಗುಣವನ್ನು ನಾಯಕನ ಗುಣವೆಂದು ಬರೆದಂತಾಗುತ್ತದೆ.

ಹಾಗಾದರೆ ಕನ್ನಡದ ನಾಯಕರು ನಿಜವಾಗಿ ಆಯ್ಕೆ ಮಾಡುವುದು ಎಲ್ಲಿ? ಪ್ರಥಮಾ ಮತ್ತು ಚತುರ್ಥಿಗಳ ನಡುವೆ, ಹಾಗೂ ಕೊಡುವ ಕ್ರಿಯಾಪದ ಮತ್ತು ಬರುವ ಕ್ರಿಯಾಪದಗಳ ನಡುವೆ ಎಂಬುದು ಈ ಲೇಖನದ ವಾದ. ಮತದಾರನನ್ನು ವಾಕ್ಯದ ಯಾವ ಸ್ಥಾನದಲ್ಲಿ ಕೂರಿಸುತ್ತಾರೆ ಎಂಬುದರಲ್ಲಿ ಕಳೆದ ಐವತ್ತು ವರ್ಷಗಳ ರಾಜಕೀಯ ಸಂಬಂಧದ ಇತಿಹಾಸವನ್ನು ಓದಬಹುದು ಎಂದು ನಾವು ಭಾವಿಸುತ್ತೇವೆ.

ಉಳುವವನು ಮತ್ತು ಒಡೆಯ

ಡಿ. ದೇವರಾಜ ಅರಸು ಅವರ ಸರ್ಕಾರ ತಂದ ಭೂಸುಧಾರಣಾ ತಿದ್ದುಪಡಿಯು 1974ರ ಮಾರ್ಚ್ 1ರಂದು ಜಾರಿಗೆ ಬಂದಿತು. ಅದರೊಡನೆ ಜನಮನದಲ್ಲಿ ಬೆರೆತುಹೋದ ಘೋಷಣೆ ‘ಉಳುವವನೇ ಹೊಲದೊಡೆಯ’. ಘೋಷಣೆಯ ಬೇಡಿಕೆ ಆ ಸರ್ಕಾರದ ಸೃಷ್ಟಿಯಲ್ಲ. 1951ರ ಕಾಗೋಡು ಸತ್ಯಾಗ್ರಹದಂತಹ ಗೇಣಿದಾರರ ಹೋರಾಟಗಳೂ ಸಮಾಜವಾದಿ ಚಳವಳಿಯೂ ಅದನ್ನು ಜೀವಂತವಾಗಿಟ್ಟಿದ್ದವು. ನಮಗೆ ಇಲ್ಲಿ ಮುಖ್ಯವಾದದ್ದು ಅದರ ವಾಕ್ಯರಚನೆ. ಇಂಗ್ಲಿಷಿನ ‘ಲ್ಯಾಂಡ್ ಟು ದ ಟಿಲ್ಲರ್’ ಎಂಬುದರಲ್ಲಿ ಭೂಮಿ ಎಲ್ಲಿಂದಲೋ ಹೊರಟು ಉಳುವವನ ಕಡೆಗೆ ಸಾಗುತ್ತದೆ. ಅದನ್ನು ಕಳಿಸುವ ಕೈಯೊಂದು ವಾಕ್ಯದ ಹೊರಗೆ ನಿಂತಿದೆ. ತಮಿಳಿನ ‘ಉಳುಬವನುಕ್ಕೇ ನಿಲಂ ಸೊಂದಂ’ ಎಂಬಲ್ಲಿಯೂ ಉಳುವವನು ಚತುರ್ಥಿಯಲ್ಲಿದ್ದಾನೆ. ಕನ್ನಡದ ಘೋಷಣೆ ಮಾತ್ರ ವಿಭಕ್ತಿಯನ್ನೇ ಬದಲಿಸಿತು. ‘ಉಳುವವನು’ ಪ್ರಥಮೆ, ‘ಹೊಲದೊಡೆಯ’ ಕ್ರಿಯಾಪದವಿಲ್ಲದ ನಾಮಾಖ್ಯಾತ. ಎರಡನ್ನೂ ಸಮೀಕರಿಸಿ ನಿಲ್ಲಿಸುವುದು ಅವಧಾರಣೆಯ ‘ಏ’. (ಹಿಂದಿಯಲ್ಲೂ ‘ಮಾಲಿಕ್’ ಎಂದು ಸಮೀಕರಿಸುವ ಘೋಷಣೆ ಇತ್ತು, ಆದುದರಿಂದ ಇದು ಕನ್ನಡದೊಂದರ ವೈಶಿಷ್ಟ್ಯ ಎಂದು ನಾವು ಹೇಳುತ್ತಿಲ್ಲ.) ಇಲ್ಲಿ ಕೊಡುವವರಿಲ್ಲ, ಕೊಡುವ ಕ್ರಿಯೆಯಿಲ್ಲ, ಕಾಲವೂ ಇಲ್ಲ. ಉಳುವವನು ಒಡೆಯನಾಗುತ್ತಾನೆ ಎಂದಲ್ಲ, ಒಡೆಯನೇ ಎಂದು. ಕಾನೂನು ಇರುವ ಸಂಗತಿಯನ್ನು ಗುರುತಿಸುತ್ತದೆಯೇ ಹೊರತು ಹೊಸದನ್ನು ದಯಪಾಲಿಸುವುದಿಲ್ಲ ಎಂಬ ಧ್ವನಿ ಈ ರಚನೆಯದು.

ಘೋಷಣೆಯನ್ನು ಆದರ್ಶೀಕರಿಸುವುದು ನಮ್ಮ ಉದ್ದೇಶವಲ್ಲ. ‘ಉಳುವವನು’ ಎಂಬ ಪುಲ್ಲಿಂಗದ ಕೃದಂತನಾಮವು ನಾಟಿ ಮಾಡಿದ, ಕಳೆ ಕಿತ್ತ, ಕೊಯ್ದ ಹೆಂಗಸರನ್ನು ಹೊರಗಿಟ್ಟಿತು. ಗದ್ದೆಯ ಕೆಲಸಗಳಲ್ಲಿ ಗಂಡಸಿಗೇ ಮೀಸಲಾದ ‘ಉಳು’ ಎಂಬ ಒಂದೇ ಧಾತು ಒಡೆತನದ ಪ್ರಮಾಣವಾಯಿತು. ‘ಒಡೆಯ’ ಎಂಬ ಪದವೂ ಹಳೆಯ ಯಜಮಾನಿಕೆಯ ಪದವೇ. ವಾಸ್ತವದಲ್ಲಿ ಗೇಣಿದಾರನು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯಮಂಡಳಿಯ ಎದುರು ನಿಲ್ಲಬೇಕಾಗಿತ್ತು, ಮತ್ತು ಅರ್ಜಿ ಹಾಕದವರು ಒಡೆಯರಾಗಲಿಲ್ಲ. ಆದರೂ ಆ ಮಂಡಳಿಯ ಎದುರು ನಿಂತವನು ಏನು ಹೇಳಬೇಕೆಂಬುದನ್ನು ಘೋಷಣೆ ಮೊದಲೇ ಕಲಿಸಿತ್ತು. ‘ಈ ಹೊಲ ಉಳುತ್ತಿರುವವನು ನಾನು’ ಎಂದರೆ ಸಾಕಿತ್ತು. ಅದು ಕೇಳಿಕೆಯ ವಾಕ್ಯವಲ್ಲ, ಸಾಕ್ಷ್ಯದ ವಾಕ್ಯ.

ಭಾಗ್ಯದಿಂದ ಗ್ಯಾರಂಟಿಗೆ

ಮುಂದಿನ ದಶಕಗಳನ್ನು ಇಲ್ಲಿ ವಿವರವಾಗಿ ನೋಡಲಾಗದು. 1980ರಲ್ಲಿ ಹುಟ್ಟಿದ ರಾಜ್ಯ ರೈತ ಸಂಘವು ಸಾಲದ ಪ್ರಶ್ನೆಯನ್ನು ತಿರುಗಿಸಿ, ಬಾಕಿದಾರ ಯಾರು ಎಂದು ಸರ್ಕಾರವನ್ನೇ ಕೇಳಿದ್ದನ್ನು ಮಾತ್ರ ನೆನೆದು ಮುಂದೆ ಹೋಗುತ್ತೇವೆ. ಆ ಮಾತಿನಲ್ಲಿ ರೈತನೇ ಕೊಟ್ಟವನಾಗಿದ್ದನು.

ಹೊಸ ಸಹಸ್ರಮಾನದ ಮೊದಲ ದಶಕದಿಂದ ಯೋಜನೆಗಳ ಹೆಸರಿನಲ್ಲಿ ‘ಭಾಗ್ಯ’ ಎಂಬ ಪದ ನೆಲೆಯೂರಿತು. 2006–07ರ ‘ಭಾಗ್ಯಲಕ್ಷ್ಮಿ’, 2013ರ ‘ಅನ್ನಭಾಗ್ಯ’ ಮತ್ತು ‘ಕ್ಷೀರಭಾಗ್ಯ’, ಆಮೇಲಿನ ‘ಕೃಷಿಭಾಗ್ಯ’ ಇವುಗಳನ್ನು ತಂದ ಸರ್ಕಾರಗಳು ಬೇರೆ ಬೇರೆ ಪಕ್ಷಗಳವು. ಆದ್ದರಿಂದ ಇದನ್ನು ಒಂದು ಪಕ್ಷದ ಶೈಲಿಯೆಂದು ಬಗೆಯುವಂತಿಲ್ಲ. ಸಂಸ್ಕೃತದಲ್ಲಿ ‘ಭಾಗ್ಯ’ವು ‘ಭಾಗ’ಕ್ಕೆ, ಎಂದರೆ ಪಾಲಿಗೆ, ಸಂಬಂಧಿಸಿದ ಪದ. ಆ ದಾರಿಯಲ್ಲಿ ನಡೆದಿದ್ದರೆ ‘ಅನ್ನಭಾಗ್ಯ’ ಎಂಬುದು ‘ಅನ್ನದಲ್ಲಿ ನಿನ್ನ ಪಾಲು’ ಎಂದಾಗಬಹುದಿತ್ತು. ಆದರೆ ಕನ್ನಡದಲ್ಲಿ ಭಾಗ್ಯವೆಂದರೆ ಹಣೆಬರಹದಲ್ಲಿದ್ದದ್ದು, ಪುಣ್ಯವಿದ್ದರೆ ಒದಗುವಂಥದ್ದು, ಯಾರೂ ತಗಾದೆ ಮಾಡಿ ಪಡೆಯಲಾಗದ್ದು. ಅದರ ಜೊತೆಜೊತೆಗೆ ಆಡಳಿತದ ಭಾಷೆಯಲ್ಲಿ ‘ಫಲಾನುಭವಿ’ ಎಂಬ ಪದ ವ್ಯಾಪಿಸಿತು. ಹಕ್ಕುದಾರ ಹಕ್ಕನ್ನು ಹೊಂದಿದವನು, ಅರ್ಜಿದಾರ ಅರ್ಜಿಯನ್ನು ಹಾಕಿದವನು. ಫಲಾನುಭವಿಯಾದರೋ ಬೇರೊಬ್ಬರ ಕ್ರಿಯೆಯ ಫಲವನ್ನು ಅನುಭವಿಸುವವನು.

ಇಲ್ಲಿ ಪಾಣಿನೀಯ ಪರಂಪರೆಯ ಒಂದು ವಿಚಾರ ನೆನಪಾಗುತ್ತದೆ. ಕ್ರಿಯೆಯ ಫಲ ಕರ್ತೃವಿಗೇ ಸಲ್ಲುವಾಗ ಕೆಲವು ಧಾತುಗಳು ಆತ್ಮನೇಪದವನ್ನು ತಳೆಯುತ್ತವೆ. ‘ಯಜಮಾನ’ ಎಂಬ ಪದವೇ ಅಂತಹ ಆತ್ಮನೇಪದದ ಕೃದಂತ: ಯಾಗವನ್ನು ನಡೆಸುವ ಋತ್ವಿಜನಲ್ಲ, ಯಾಗದ ಫಲ ಯಾರಿಗೆ ಸಲ್ಲುವುದೋ ಅವನು. 2023ರ ‘ಗೃಹಲಕ್ಷ್ಮಿ’ ಯೋಜನೆಯ ಪ್ರಚಾರದಲ್ಲಿ ತಿಂಗಳಿಗೆ 2,000 ರೂಪಾಯಿ ಪಡೆಯುವ ಮಹಿಳೆಯನ್ನು ‘ಮನೆ ಯಜಮಾನಿ’ ಎಂದು ಕರೆಯಲಾಯಿತು. 1974ರ ‘ಒಡೆಯ’ನಿಗೆ ಐವತ್ತು ವರ್ಷಗಳ ಅನಂತರ ಸ್ತ್ರೀಲಿಂಗದ ಜೋಡಿಯೊಂದು ದೊರೆತಿದೆ ಎನ್ನಬಹುದು. ಆದರೆ ಒಡೆಯ ತನ್ನ ವಾಕ್ಯದಲ್ಲಿ ಪ್ರಥಮೆಯಲ್ಲಿದ್ದ. ಯಜಮಾನಿ ಎಲ್ಲೆಡೆ ‘ಯಜಮಾನಿಗೆ’ ಎಂದೇ ಕಾಣಿಸಿಕೊಳ್ಳುತ್ತಾಳೆ. ಹೆಸರಿನಲ್ಲಿ ಕರ್ತೃತ್ವ, ವಿಭಕ್ತಿಯಲ್ಲಿ ಸಂಪ್ರದಾನ.

ಆ ವರ್ಷದ ವಿಧಾನಸಭಾ ಚುನಾವಣೆಯ ‘ಗ್ಯಾರಂಟಿ’ ಪದವು ಭಾಗ್ಯದ ಪರಿಭಾಷೆಯಿಂದ ಹೊರಬರುವ ಯತ್ನವಾಗಿತ್ತು ಎಂಬುದನ್ನು ಒಪ್ಪಬೇಕು. ಗ್ಯಾರಂಟಿ ಎಂಬುದು ಅಂಗಡಿಯ ಪದ. ಮಿಕ್ಸರ್ ಕೊಂಡಾಗ ಸಿಗುವ ಕಾರ್ಡಿನಂತೆ, ಇಬ್ಬರು ನಾಯಕರ ಸಹಿಯುಳ್ಳ ಗ್ಯಾರಂಟಿ ಕಾರ್ಡುಗಳು ಮನೆಮನೆಗೆ ತಲುಪಿದವು. ಬರವಣಿಗೆಯಲ್ಲಿ ಆಡುವವನ ಸ್ಥಾನವನ್ನು ಸಹಿ ತುಂಬುತ್ತದೆ ಎಂದು ಜೆ. ಎಲ್. ಆಸ್ಟಿನ್ ಹೇಳಿದ್ದನ್ನು ಇಲ್ಲಿ ನೆನೆಯಬಹುದು: ವಾಗ್ದಾನದ ಉಕ್ತಿಗೆ ಕಾಗದದ ಮೇಲೆ ಒಡೆಯರು ಸಿಕ್ಕರು. ಕಾರ್ಡು ಕೈಯಲ್ಲಿದ್ದವರು ಅಂಗಡಿಗೆ ಮರಳಿ ಹೋಗಿ ಕೇಳಬಹುದು ಎಂಬುದು ಈ ಪದದ ಬಲ. ಕಾಂಗ್ರೆಸ್ ಪಕ್ಷವು 224ರಲ್ಲಿ 135 ಸ್ಥಾನಗಳನ್ನು ಗೆದ್ದಿತು. ಆ ಗೆಲುವು ಒಂದು ಪದದಿಂದ ಆದದ್ದೆಂದು ಹೇಳುವ ಅಧಿಕಾರ ಭಾಷಾವಿಜ್ಞಾನಕ್ಕಿಲ್ಲ. ಆದರೆ ಎದುರಾಳಿ ಪಕ್ಷವೂ ಮರುವರ್ಷದ ಲೋಕಸಭಾ ಚುನಾವಣೆಗೆ ‘ಮೋದಿ ಕೀ ಗ್ಯಾರಂಟಿ’ ಎಂಬ ಘೋಷಣೆಯೊಡನೆ ಹೋದದ್ದು ಗಮನಾರ್ಹ. ಅಲ್ಲಿ ಗ್ಯಾರಂಟಿಗೆ ಷಷ್ಠಿ ಸೇರಿ, ಅದು ಒಬ್ಬ ವ್ಯಕ್ತಿಯ ಗುಣವಾಯಿತು.

ಇದೇ ಕಾಲದ ‘ಬಿಟ್ಟಿ ಭಾಗ್ಯ’ ಎಂಬ ಮೂದಲಿಕೆಯನ್ನು ನಮ್ಮ ಸಂಶೋಧಕರು ಬಹುಮಟ್ಟಿಗೆ ಕಡೆಗಣಿಸಿದ್ದಾರೆ. ಯೋಜನೆಗಳನ್ನು ವಿರೋಧಿಸುವವರು ‘ಬಿಟ್ಟಿ’ ಎಂದರೆ ಉಚಿತ, ದುಡಿಯದೆ ಪಡೆದದ್ದು ಎಂಬರ್ಥದಲ್ಲಿ ಬಳಸುತ್ತಾರೆ. ‘ಬಿಟ್ಟಿ’ಯು ಸಂಸ್ಕೃತದ ‘ವಿಷ್ಟಿ’ಯ ತದ್ಭವ, ಕೂಲಿಯಿಲ್ಲದೆ ಬಲವಂತವಾಗಿ ಮಾಡಿಸಿಕೊಳ್ಳುತ್ತಿದ್ದ ದುಡಿಮೆ. ‘ಬಿಟ್ಟಿ ಚಾಕರಿ’ಯಲ್ಲಿ ಆ ಅರ್ಥ ಇಂದಿಗೂ ಉಳಿದಿದೆ. ಬಡವರು ಬಲಾಢ್ಯರಿಗೆ ಪುಕ್ಕಟೆಯಾಗಿ ಕೊಡಬೇಕಾಗಿದ್ದುದರ ಹೆಸರು, ಬಡವರು ಪುಕ್ಕಟೆಯಾಗಿ ಪಡೆಯುತ್ತಾರೆನ್ನಲಾದುದರ ಹೆಸರಾಗಿದೆ. ಅರ್ಥಪಲ್ಲಟದ ಪಾಠಕ್ಕೆ ಇದಕ್ಕಿಂತ ತೀಕ್ಷ್ಣವಾದ ಕನ್ನಡ ಉದಾಹರಣೆ ನಮಗೆ ಬೇಗನೆ ಹೊಳೆಯುವುದಿಲ್ಲ.

ಕೊಡುವ ಕ್ರಿಯೆ, ಬರುವ ಕ್ರಿಯೆ

ನಾಮಪದ ಭಾಗ್ಯದಿಂದ ಗ್ಯಾರಂಟಿಗೆ ಬದಲಾದರೂ ಕ್ರಿಯಾಪದ ಬದಲಾಗಲಿಲ್ಲ. ಅಧಿಕಾರ ಪಡೆಯುವ ಮುನ್ನ ‘ನಿಮಗೆ ಕೊಡುತ್ತೇವೆ’, ಅಧಿಕಾರ ಉಳಿಸಿಕೊಳ್ಳುವಾಗ ‘ನಿಮಗೆ ಕೊಟ್ಟಿದ್ದೇವೆ’. ಎರಡನೆಯ ರೂಪವನ್ನು ತುಸು ನಿಂತು ನೋಡಬೇಕು. ಅದು ಸರಳ ಭೂತಕಾಲವಲ್ಲ. ‘ಕೊಟ್ಟು’ ಎಂಬುದಕ್ಕೆ ‘ಇದ್ದೇವೆ’ ಸೇರಿದ ಸಂಯುಕ್ತರೂಪ. ಕೊಡುವ ಕ್ರಿಯೆ ಮುಗಿದರೂ ಕೊಟ್ಟವರ ಇರವು ವರ್ತಮಾನದಲ್ಲಿ ಮುಂದುವರಿಯುತ್ತದೆ. ಸಿದ್ದರಾಮಯ್ಯನವರ ಸರ್ಕಾರಗಳ ಜಾಹೀರಾತುಗಳಲ್ಲಿ ಪ್ರಸಿದ್ಧವಾದ ‘ನುಡಿದಂತೆ ನಡೆದಿದ್ದೇವೆ’ ಎಂಬುದರಲ್ಲಿ ಇದೇ ಕಾಲರೂಪವಿದ್ದರೂ ಸಂಪ್ರದಾನವೇ ಇಲ್ಲ. ನುಡಿದವರೂ ನಡೆದವರೂ ನಾವೇ. ಸಂಬಂಧವು ನಾಯಕನ ಮಾತಿಗೂ ನಾಯಕನ ಕೃತಿಗೂ ನಡುವಿನದಾಗಿ, ಮತದಾರ ಅದಕ್ಕೆ ಸಾಕ್ಷಿಯಾಗಿ ವಾಕ್ಯದ ಹೊರಗೆ ನಿಲ್ಲುತ್ತಾನೆ. ನುಡಿ–ನಡೆಗಳ ಜೋಡಿಗೆ ಕನ್ನಡದಲ್ಲಿರುವ ನೈತಿಕ ಪರಂಪರೆಯ ತೂಕ ಈ ಘೋಷಣೆಗೆ ಸುಲಭವಾಗಿ ಒದಗಿಬಂದಿದೆ.

ಚತುರ್ಥಿಯೇ ಹೀನಸ್ಥಾನ ಎಂಬುದು ನಮ್ಮ ವಾದವೆಂದು ಯಾರೂ ತಿಳಿಯಬಾರದು. ‘ನನಗೆ ಗೊತ್ತು’, ‘ನನಗೆ ಬೇಕು’, ‘ನನಗೆ ಹಕ್ಕಿದೆ’ ಎಂಬಂತಹ ವಾಕ್ಯಗಳಲ್ಲಿ ಚತುರ್ಥಿಯ ನಾಮಪದವೇ ಕರ್ತೃವಿನ ಅನೇಕ ಲಕ್ಷಣಗಳನ್ನು ತೋರುತ್ತದೆ. ಎಸ್. ಎನ್. ಶ್ರೀಧರ್ ಅವರು 1970ರ ದಶಕದಲ್ಲೇ ಕನ್ನಡದ ಈ ರಚನೆಗಳನ್ನು ಚರ್ಚಿಸಿದ್ದಾರೆ. ನಮ್ಮ ಪ್ರತಿಭಟನೆಗಳ ‘ಬೇಕೇ ಬೇಕು’ ಎಂಬ ಕೂಗು ಇದೇ ಜಾತಿಯದು. ಕೊಡುವವರ ಹೆಸರೆತ್ತದೆಯೇ ಬೇಡಿಕೆ ಪೂರ್ಣವಾಗುತ್ತದೆ. ವ್ಯತ್ಯಾಸ ಬರುವುದು ಆ ಚತುರ್ಥಿಯ ಪಕ್ಕದಲ್ಲಿ ಪ್ರಥಮೆಯ ದಾತನೊಬ್ಬ ಬಂದು ನಿಂತಾಗ.

ದಾತನ ಕ್ರಿಯಾಪದಕ್ಕೂ ಒಂದು ಚರಿತ್ರೆಯಿದೆ. ಎಂ. ಬಿ. ಎಮಿನೋ ಅವರು 1945ರಲ್ಲಿ ದ್ರಾವಿಡದ ‘ಬರು’ ಮತ್ತು ‘ಕೊಡು’ ಧಾತುಗಳ ಬಗ್ಗೆ ಬರೆದ ಲೇಖನ ಈ ನಿಟ್ಟಿನಲ್ಲಿ ಇಂದಿಗೂ ಓದತಕ್ಕದ್ದು. ಪಡೆಯುವವರು ‘ನಾನು’ ಅಥವಾ ‘ನೀನು’ ಆಗಿದ್ದರೆ ಒಂದು ಧಾತು, ‘ಅವನು’ ಆಗಿದ್ದರೆ ಇನ್ನೊಂದು ಎಂಬ ಭೇದ ಕೆಲವು ದ್ರಾವಿಡ ಭಾಷೆಗಳಲ್ಲಿದೆ. ಮಲಯಾಳಂ ಇಂದಿಗೂ ಎದುರಿಗಿರುವವರಿಗೆ ‘ತರು’ ಧಾತುವನ್ನೂ ದೂರದವರಿಗೆ ‘ಕೊಡು’ ಧಾತುವನ್ನೂ ಬಳಸುತ್ತದೆ. ಕನ್ನಡದಲ್ಲಿ ‘ತರು’ ಬೇರೆ ಅರ್ಥಕ್ಕೆ ಸರಿದು, ಎಲ್ಲ ಕೊಡುಗೆಗೂ ‘ಕೊಡು’ ಒಂದೇ ಉಳಿಯಿತು. ಹಾಗಾಗಿ ಕನ್ನಡದ ವೇದಿಕೆಯಿಂದ ‘ಬಡವರಿಗೆ ಕೊಟ್ಟಿದ್ದೇವೆ’ ಎಂದಾಗ ಕೆಳಗೆ ಕುಳಿತಿರುವವರೇ ಆ ಬಡವರೋ, ಅಥವಾ ಅವರು ಬೇರೆಲ್ಲೋ ಇರುವ ಬಡವರ ಬಗ್ಗೆ ಕೇಳಿಸಿಕೊಳ್ಳುತ್ತಿರುವ ತೆರಿಗೆದಾರರೋ ಎಂಬುದು ಕ್ರಿಯಾಪದದಿಂದ ತಿಳಿಯದು. ‘ನಾವು’ ಪದದ ಅಸ್ಪಷ್ಟತೆಗಿಂತ ಈ ಅಸ್ಪಷ್ಟತೆ ರಾಜಕೀಯವಾಗಿ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನಮ್ಮ ಅಭಿಪ್ರಾಯ. ಒಂದೇ ವಾಕ್ಯ ಒಬ್ಬರಿಗೆ ಲೆಕ್ಕ ಒಪ್ಪಿಸುತ್ತದೆ, ಇನ್ನೊಬ್ಬರಿಗೆ ಋಣವನ್ನು ನೆನಪಿಸುತ್ತದೆ. ಕುತೂಹಲದ ಸಂಗತಿಯೆಂದರೆ, ತೊಲ್ಕಾಪ್ಪಿಯಂ ‘ಈ’, ‘ತಾ’, ‘ಕೊಡು’ ಎಂಬ ಮೂರನ್ನೂ ಕೇಳುವವರ ಸ್ಥಾನಕ್ಕೆ ಅನುಸಾರವಾಗಿ ವಿಂಗಡಿಸುತ್ತದೆ: ಕೆಳಗಿನವನು ‘ಈ’ ಎಂದೂ ಸಮಾನನು ‘ತಾ’ ಎಂದೂ ಮೇಲಿನವನು ‘ಕೊಡು’ ಎಂದೂ ಕೇಳುತ್ತಾನೆ. ಕೊಡುವವನ ಹಿರಿಮೆಯನ್ನು ಸಾರುತ್ತಿರುವ ನಮ್ಮ ಕ್ರಿಯಾಪದ, ಆ ಲಕ್ಷಣಕಾರನ ಕಿವಿಗೆ, ಕೇಳುವವನ ಹಿರಿಮೆಯದಾಗಿತ್ತು.

ಪಾಣಿನೀಯ ವ್ಯಾಖ್ಯಾನಕಾರರಲ್ಲಿ ಮತ್ತೊಂದು ಚರ್ಚೆಯಿದೆ. ಅಗಸನಿಗೆ ಬಟ್ಟೆ ಕೊಟ್ಟರೆ ಅವನು ಸಂಪ್ರದಾನವೇ? ಅಲ್ಲವೆನ್ನುವವರ ಕಾರಣ, ಬಟ್ಟೆಯ ಮೇಲಿನ ಸ್ವಾಮ್ಯವನ್ನು ಕೊಟ್ಟವನು ಬಿಟ್ಟುಕೊಟ್ಟಿಲ್ಲ ಎಂಬುದು. ಆದ್ದರಿಂದ ಅಲ್ಲಿ ಸಂಸ್ಕೃತಕ್ಕೆ ಷಷ್ಠಿ ಸಾಕು. ಕನ್ನಡವು ಅಗಸನಿಗೂ ಅತಿಥಿಗೂ ಒಂದೇ ‘-ಗೆ’ಯನ್ನು ಬಳಸುತ್ತದೆ. ಯೋಜನೆಯ ಹಣ ಖಾತೆಗೆ ಜಮೆಯಾದ ಮೇಲೂ ಅದು ‘ನಮ್ಮ ಯೋಜನೆ’, ‘ನಮ್ಮ ಗ್ಯಾರಂಟಿ’ ಆಗಿಯೇ ಉಳಿಯುವುದನ್ನು ನೋಡಿದರೆ, ಆ ಹಳೆಯ ಚರ್ಚೆ ಕೇವಲ ಪಂಡಿತರ ವಿನೋದವಲ್ಲ ಎನಿಸುತ್ತದೆ. ಹಣವಾದರೂ ತೆರಿಗೆಯ ಹಣ, ಕೊಟ್ಟವರದೂ ಅಲ್ಲ.

ನೇರ ನಗದು ವರ್ಗಾವಣೆಯು ನಾಯಕರಿಗೆ ಒಂದು ವ್ಯಾಕರಣದ ತೊಂದರೆಯನ್ನು ತಂದಿದೆ. ಕೈಯಿಂದ ಕೈಗೆ ಕೊಡುವ ದೃಶ್ಯ ಈಗ ಇಲ್ಲ. ಚತುರ್ಥಿ ಮನುಷ್ಯರಿಂದ ‘ಖಾತೆಗೆ’ ಸರಿದಿದೆ. ಫಲಾನುಭವಿಗಳ ಸಮಾವೇಶಗಳು ಈ ಕಳೆದುಹೋದ ದೃಶ್ಯವನ್ನು ವೇದಿಕೆಯ ಮೇಲೆ ಮರಳಿ ಕಟ್ಟುವ ಪ್ರಯತ್ನ. ಇನ್ನೊಂದೆಡೆ ಹಣ ಪಡೆದವರ ದಿನನಿತ್ಯದ ಮಾತಿನಲ್ಲಿ ‘ಕೊಟ್ಟರು’ ಎಂಬುದಕ್ಕಿಂತ ‘ಬಂತು’ ಎಂಬುದೇ ಸಹಜ. ‘ಈ ತಿಂಗಳದ್ದು ಬಂತಾ?’ ‘ಇನ್ನೂ ಬಂದಿಲ್ಲ.’ ಸಂಬಳ ಬರುತ್ತದೆ, ಪಿಂಚಣಿ ಬರುತ್ತದೆ, ಗೃಹಲಕ್ಷ್ಮಿ ಬರುತ್ತದೆ. ‘ಬರು’ ಅಕರ್ಮಕ, ಅದಕ್ಕೆ ದಾತ ಬೇಕಿಲ್ಲ. ಬರಬೇಕಾದ್ದು ಬರುತ್ತದೆ, ಅಷ್ಟೆ. ಇದನ್ನು ಕೃತಘ್ನತೆಯೆಂದು ಬಗೆಯುವ ನಾಯಕರೂ ವಿಮರ್ಶಕರೂ ಇದ್ದಾರೆ. ನಾವಾದರೋ ಇದನ್ನು ಹಕ್ಕಿನ ವ್ಯಾಕರಣವೆಂದು ಓದುತ್ತೇವೆ. ‘ನೀವು ಕೊಡಲಿಲ್ಲ’ ಎಂದರೆ ದಾನಿಯ ಮೇಲೆ ದೂರು. ದಾನಿಯನ್ನು ದೂರುವ ಅಧಿಕಾರ ದಾನ ಪಡೆದವರಿಗೆ ಇರುವುದಿಲ್ಲ. ‘ನನಗೆ ಬರಬೇಕಾದದ್ದು ಬಂದಿಲ್ಲ’ ಎಂದರೆ ಬಾಕಿಯ ವಿಚಾರಣೆ. ಕಂತು ತಪ್ಪಿದ ತಿಂಗಳು ಬ್ಯಾಂಕಿನ ಕಿಟಕಿಯ ಮುಂದೆ ನಿಂತ ಹೆಂಗಸಿಗೆ ಈ ಎರಡು ವಾಕ್ಯಗಳಲ್ಲಿ ಯಾವುದು ನಾಲಗೆಗೆ ಬರುತ್ತದೆ ಎಂಬುದು ಶೈಲಿಯ ಪ್ರಶ್ನೆ ಮಾತ್ರವಲ್ಲ.

‘ಬಂತು’ ಎಂಬುದರಲ್ಲಿ ಅಪಾಯವೂ ಇದೆ. ದಾತನಿಲ್ಲದ ವಾಕ್ಯದಲ್ಲಿ ಹೊಣೆಗಾರನೂ ಇಲ್ಲ. ಇದನ್ನು ನಾಯಕರು ಚೆನ್ನಾಗಿ ಬಲ್ಲರು. ಹಣ ತಲುಪಿದಾಗ ‘ಕೊಟ್ಟಿದ್ದೇವೆ’ ಎನ್ನುವವರು, ತಲುಪದಿದ್ದಾಗ ‘ತಾಂತ್ರಿಕ ಕಾರಣದಿಂದ ತಡವಾಗಿದೆ, ಬರುತ್ತದೆ’ ಎಂದು ಮತದಾರರದೇ ಕ್ರಿಯಾಪದವನ್ನು ಎರವಲು ಪಡೆಯುತ್ತಾರೆ. ಇವೆರಡರ ನಡುವೆ ‘ಬಿಡುಗಡೆ ಮಾಡಲಾಗಿದೆ’ ಎಂಬ ಕಚೇರಿಯ ಕರ್ಮಣಿ ಪ್ರಯೋಗ. ರಾಜಕೀಯ ಭಾಷೆಯ ಅಧ್ಯಯನಕ್ಕೆ ತೊಡಗುವ ಸಂಶೋಧನ ವಿದ್ಯಾರ್ಥಿಗಳು ‘ನಾವು’ಗಳ ಪಟ್ಟಿಯನ್ನು ಬದಿಗಿಟ್ಟು, ಒಬ್ಬನೇ ನಾಯಕ ಯಾವ ಸುದ್ದಿಗೆ ಸಕರ್ಮಕವನ್ನೂ ಯಾವ ಸುದ್ದಿಗೆ ಅಕರ್ಮಕವನ್ನೂ ಬಳಸುತ್ತಾನೆ ಎಂದು ನೋಡಿದರೆ ಹೆಚ್ಚು ತಿಳಿಯುತ್ತದೆ. ಬರ್ನಾರ್ಡ್ ಬೇಟ್ ಅವರು 2009ರ ಕೃತಿಯಲ್ಲಿ ದ್ರಾವಿಡ ಚಳವಳಿಯ ನಾಯಕರ ಸೆಂದಮಿಳಿನ ವಾಗ್ಮಿತೆಯನ್ನು ಅಧಿಕಾರದ ಸೌಂದರ್ಯವೆಂದು ತೋರಿಸಿದ್ದು ತಮಿಳಿಗೆ ತಕ್ಕ ಪ್ರಶ್ನೆಯಿಂದ. ಕನ್ನಡದ ವೇದಿಕೆಯಲ್ಲಿ ಗ್ರಾಂಥಿಕತೆಗೆ ಅಂತಹ ಬೆಲೆಯಿಲ್ಲ, ಹಳ್ಳಿಯ ಮಾತಿಗೆ ಇದೆ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ. ಎನ್. ಶಂಕರ ಭಟ್ಟರು ವಾದಿಸಿದ್ದು ಶಾಲಾ ವ್ಯಾಕರಣಕ್ಕಷ್ಟೇ ಅನ್ವಯಿಸಬೇಕಾಗಿಲ್ಲ.

ಮತದಾನವೆಂಬ ದಾನ

ಕೊನೆಯದಾಗಿ, ದಾನದ ದಿಕ್ಕು ತಿರುಗುವ ಕೆಲವು ವಾರಗಳಿವೆ. ಚುನಾವಣೆ ಘೋಷಣೆಯಾದೊಡನೆ ‘ಕೊಡು’ ಧಾತುವಿನ ಕರ್ತೃ ಮತದಾರನಾಗುತ್ತಾನೆ: ‘ಮತ ಕೊಡಿ’, ‘ಆಶೀರ್ವಾದ ಮಾಡಿ’. ಅರವತ್ತು ದಾಟಿದ ಅಭ್ಯರ್ಥಿ ಇಪ್ಪತ್ತರ ಹುಡುಗನಿಂದ ಆಶೀರ್ವಾದ ಬೇಡುತ್ತಾನೆ. ಪ್ರಕ್ರಿಯೆಗೆ ‘ಮತದಾನ’ ಎಂದೇ ಹೆಸರು. ಆದರೆ ಹಿಂದಿಯ ‘ಮತದಾತಾ’ ಸ್ಪಷ್ಟವಾಗಿ ದಾತನಾಗಿದ್ದರೆ, ಕನ್ನಡದ ‘ಮತದಾರ’ನಲ್ಲಿ ಪಾಲುದಾರ, ಹಕ್ಕುದಾರ ಎಂಬ ಪದಗಳಲ್ಲಿರುವ ಪಾರಸಿ ಮೂಲದ ‘-ದಾರ’ ಕಾಣುತ್ತದೆ. ಅವನು ಮತವನ್ನು ಹೊಂದಿರುವವನು. ಆಡುಮಾತಿನಲ್ಲಿ ಅವನು ಅದನ್ನು ಕೊಡುವುದೂ ಇಲ್ಲ, ಹಾಕುತ್ತಾನೆ: ‘ಕಾಂಗ್ರೆಸ್ಸಿಗೆ ಹಾಕಿದೆ’, ‘ಬಿಜೆಪಿಗೆ ಹಾಕಿದೆ’, ‘ದಳಕ್ಕೆ ಹಾಕಿದೆ’. ಈ ವಾಕ್ಯದಲ್ಲಿ ಪ್ರಥಮೆ ಮತದಾರನದು, ಚತುರ್ಥಿ ಪಕ್ಷದ್ದು.

ಹಸುವಿಗೆ ಹುಲ್ಲು ಹಾಕುತ್ತಾರೆ, ಬಾಗಿಲಿಗೆ ಬಂದವರಿಗೆ ಭಿಕ್ಷೆ ಹಾಕುತ್ತಾರೆ ಎಂಬ ಬಳಕೆಗಳನ್ನು ಮುಂದಿಟ್ಟು ಇಲ್ಲಿ ಮತದಾರನ ಹಿರಿತನವನ್ನು ಕಾಣುವ ಆಸೆಯಾಗಬಹುದು. ಆ ಆಸೆಗೆ ನಾವು ಪೂರ್ತಿ ಒಲಿಯುವುದಿಲ್ಲ. ಪೆಟ್ಟಿಗೆಯೊಳಗೆ ಚೀಟಿ ಹಾಕುತ್ತಿದ್ದುದರಿಂದಲೇ ಈ ಪ್ರಯೋಗ ಬಂದಿರುವುದು ಹೆಚ್ಚು ಸಂಭಾವ್ಯ. ಅಲ್ಲದೆ ತಹಶೀಲ್ದಾರರ ಕಚೇರಿಗೆ ಅರ್ಜಿಯನ್ನೂ ನಾವು ಹಾಕುತ್ತೇವೆ. ನಮೂನೆ 7ನ್ನು ತುಂಬಿದ ಗೇಣಿದಾರರೂ ಹಾಕಿದವರೇ.